ಎಫ್‌ಎಂ ಅಲೆಯ ಅಟ್ಟದ ಮೇಲಿನ ದನಿ: ಸಬ್‌ಕ್ಯಾರಿಯರ್ ಕಾರ್ಯಕ್ರಮ ಕೇಳುವ ಸಮಗ್ರ ಮಾರ್ಗದರ್ಶಿ

ಎಫ್‌ಎಂನಲ್ಲಿ ಒಂದು ಸ್ಟೇಷನ್ ಹಾಕಿಕೊಂಡು ಹಾಡು ಕೇಳುತ್ತಿದ್ದೀರಿ ಅಂದುಕೊಳ್ಳಿ. ಅದೇ ಹೊತ್ತಿಗೆ, ಅದೇ ಟ್ರಾನ್ಸ್‌ಮಿಟರ್‌ನಿಂದ, ಅದೇ ಅಲೆಯ ಒಳಗೇ ಇನ್ನೊಬ್ಬರು ಕೂತು ಅವತ್ತಿನ ಪೇಪರ್ ಓದುತ್ತಿರಬಹುದು. ನಿಮ್ಮ ರೇಡಿಯೊಗೆ ಆ ದನಿಯೂ ಬಂದು ತಲುಪಿರುತ್ತದೆ. ಆದರೆ ಸ್ಪೀಕರ್ ಮುಟ್ಟುವ ಮೊದಲೇ ರೇಡಿಯೊ ಅದನ್ನು ಸೋಸಿ ಎಸೆದುಬಿಡುತ್ತದೆ.

ಈ ಮರೆಯಲ್ಲಿರುವ ಕಾರ್ಯಕ್ರಮಗಳಿಗೆ ಅಮೆರಿಕದಲ್ಲಿ ಎಸ್‌ಸಿಎ ಅಂತಾರೆ, ಕೆನಡಾದಲ್ಲಿ ಎಸ್‌ಸಿಎಂಒ ಅಂತಾರೆ. ಹೆಚ್ಚಾಗಿ ಬೆಳೆದದ್ದೂ ಈ ಎರಡು ದೇಶಗಳಲ್ಲೇ. ಅದನ್ನು ಹೊರತೆಗೆದು ಕೇಳುವುದು ಹೇಗೆ ಅಂತ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಡಿಕೋಡರ್ ಸುಲಭದ ಭಾಗ. ಕಷ್ಟ ಇರುವುದು ಅಲೆಯನ್ನು ಶುದ್ಧವಾಗಿ ಹಿಡಿಯುವುದರಲ್ಲಿ. ಸೋತು ಕೈಬಿಡುವವರು ಜಾಸ್ತಿ ಜನ ಸೋಲುವುದು ಆಂಟೆನಾ ಹತ್ತಿರವೇ.

ಅಲೆಯೊಳಗೆ ಏನೇನಿದೆ

ರಿಸೀವರ್ ಎಫ್‌ಎಂ ಅಲೆಯನ್ನು ಬಿಡಿಸಿದ ಕೂಡಲೇ ಸಿಗುವ ಕಚ್ಚಾ ಸಿಗ್ನಲ್‌ಗೆ ಮಲ್ಟಿಪ್ಲೆಕ್ಸ್ ಅಂತ ಹೆಸರು. ಸುಮ್ನೆ ಎಂಪಿಎಕ್ಸ್ ಅಂತಾರೆ. ಅದನ್ನು ಒಂದು ಮನೆ ಅಂದುಕೊಳ್ಳಿ. ನೆಲದ ಮೇಲೆ, 15 ಕಿಲೋಹರ್ಟ್ಜ್‌ವರೆಗೆ, ಎಡ ಮತ್ತು ಬಲ ಸೇರಿದ ಮೋನೊ ಧ್ವನಿ ಇರುತ್ತದೆ. 19ರಲ್ಲಿ ಪೈಲಟ್ ಅನ್ನುವ ಒಂದೇ ಒಂದು ಸ್ವರ ಇರುತ್ತದೆ, ‘ಇದು ಸ್ಟೀರಿಯೊ’ ಅಂತ ರೇಡಿಯೊಗೆ ಗುರುತು ಹೇಳುವುದಕ್ಕೆ. 23ರಿಂದ 53ರವರೆಗೆ ಎಡ ಬಲಗಳ ವ್ಯತ್ಯಾಸದ ಸಿಗ್ನಲ್ ಇರುತ್ತದೆ. ಸ್ಟೀರಿಯೊ ಆಗುವುದು ಅದರಿಂದ. ಅಲ್ಲಿಂದ ಮೇಲೆ 99 ಕಿಲೋಹರ್ಟ್ಜ್‌ವರೆಗಿನದು ಅಟ್ಟ. 57ರಲ್ಲಿ ಸ್ಟೇಷನ್ ಹೆಸರು ತೋರಿಸುವ ಆರ್‌ಡಿಎಸ್ ಡೇಟಾ ಕೂತಿರುತ್ತದೆ. ನಮಗೆ ಬೇಕಾದ ಧ್ವನಿ ಸಾಮಾನ್ಯವಾಗಿ 67ರಲ್ಲಿ ಇರುತ್ತದೆ, ಕೆಲವು ಕಡೆ 92ರಲ್ಲಿ.

67ರಲ್ಲಿ ಇರುವುದು ಒಂದು ಪುಟ್ಟ ಅಲೆ. ಸಬ್‌ಕ್ಯಾರಿಯರ್ ಅನ್ನುವುದು ಇದನ್ನೇ. ಅದರ ಮೇಲೆ ಮಾತನ್ನು ಮತ್ತೆ ಎಫ್‌ಎಂ ರೀತಿಯಲ್ಲೇ ಹತ್ತಿಸಿರುತ್ತಾರೆ. ಅಂದರೆ ಎಫ್‌ಎಂ ಒಳಗೊಂದು ಎಫ್‌ಎಂ. ಹಾಗಾಗಿ ಎರಡು ಸಲ ಬಿಡಿಸಬೇಕು. ಸ್ಟೇಷನ್‌ನ ಆವರ್ತನದ ಪೂರ್ತಿ ಏರಿಳಿತ 75 ಕಿಲೋಹರ್ಟ್ಜ್. ಅದರಲ್ಲಿ ಸಬ್‌ಕ್ಯಾರಿಯರ್‌ಗೆ ಸಿಗುವ ಪಾಲು ಸಾಮಾನ್ಯವಾಗಿ ನೂರಕ್ಕೆ ಹತ್ತು. ಧ್ವನಿ ಸುಮಾರು 5 ಕಿಲೋಹರ್ಟ್ಜ್‌ವರೆಗೆ ಮಾತ್ರ. ಮಾತಿಗೆ ಧಾರಾಳ ಸಾಕು. ಕಣ್ಣು ಮುಚ್ಚಿ ಕೂತು ಕೇಳುವ ಸಂಗೀತಕ್ಕೆ ಸಾಲದು.

ಇಲ್ಲಿ ಒಂದು ತೊಡಕು ಇದೆ. ಎಫ್‌ಎಂ ರಿಸೀವರ್‌ನಲ್ಲಿ ಮೇಲೆ ಹೋದಷ್ಟೂ ಗದ್ದಲ ಹೆಚ್ಚುತ್ತದೆ. ಆವರ್ತನ ಎರಡರಷ್ಟಾದರೆ ಗದ್ದಲದ ವೋಲ್ಟೇಜೂ ಎರಡರಷ್ಟು. 15ರ ಹತ್ತಿರ ಇರುವುದಕ್ಕಿಂತ 67ರಲ್ಲಿ ಗದ್ದಲ ನಾಲ್ಕೂವರೆ ಪಟ್ಟು. ದನಿ ಸಣ್ಣದು, ಗದ್ದಲ ದೊಡ್ಡದು. ಮುಖ್ಯ ಕಾರ್ಯಕ್ರಮ ಗಾಜಿನಷ್ಟು ಸ್ವಚ್ಛವಾಗಿ ಕೇಳುವ ಸ್ಟೇಷನ್‌ನಲ್ಲೂ ಸಬ್‌ಕ್ಯಾರಿಯರ್ ಬರೀ ಭುಸುಗುಡಬಹುದು.

ಯಾರಿಗಾಗಿ ಇದು

ಅಮೆರಿಕದಲ್ಲಿ ಪ್ರಸಾರಕ್ಕೆ ನಿಯಮ ಮಾಡುವ ಎಫ್‌ಸಿಸಿ ಇದಕ್ಕೆ ಅನುಮತಿ ಕೊಟ್ಟದ್ದು 1955ರಲ್ಲಿ. ಆಗ ಎಫ್‌ಎಂ ಸ್ಟೇಷನ್‌ಗಳಿಗೆ ಹಣದ ಮುಗ್ಗಟ್ಟು. ಅಂಗಡಿ, ಕಚೇರಿಗಳಿಗೆ ಹಿನ್ನೆಲೆ ಸಂಗೀತ ಕಳಿಸಿ ನಾಲ್ಕು ಕಾಸು ಮಾಡಿಕೊಳ್ಳಲಿ ಅನ್ನುವುದು ಲೆಕ್ಕಾಚಾರ. ಮ್ಯುಜಾಕ್ ಅನ್ನುವ ಕಂಪನಿಯ ಹಿನ್ನೆಲೆ ಸಂಗೀತ ಈ ದಾರಿಯಲ್ಲೇ ಹರಿಯಿತು. 1961ರಲ್ಲಿ ಸ್ಟೀರಿಯೊ ಬಂದಾಗ ಈಗಿನ ಪದ್ಧತಿಗೆ ಪೈಪೋಟಿ ಕೊಟ್ಟ ಕ್ರಾಸ್ಬಿ ಪದ್ಧತಿ ಗೆದ್ದಿದ್ದರೆ ಅಟ್ಟದಲ್ಲಿ ಜಾಗವೇ ಉಳಿಯುತ್ತಿರಲಿಲ್ಲ. ಅದು 50 ಕಿಲೋಹರ್ಟ್ಜ್ ಸುತ್ತಲಿನ ಜಾಗವನ್ನೆಲ್ಲ ತಾನೇ ತೆಗೆದುಕೊಳ್ಳುತ್ತಿತ್ತು.

ನನ್ನ ಮನಸ್ಸಿಗೆ ಹತ್ತಿರವಾದ ಬಳಕೆ ಬೇರೆಯದು. 1969ರ ಜನವರಿ 2ರಂದು ಮಿನೆಸೋಟದಲ್ಲಿ ‘ರೇಡಿಯೊ ಟಾಕಿಂಗ್ ಬುಕ್’ ಶುರುವಾಯಿತು. ಕಣ್ಣು ಕಾಣದವರಿಗಾಗಿ ಪೇಪರ್, ಪತ್ರಿಕೆ, ಪುಸ್ತಕಗಳನ್ನು ಜೋರಾಗಿ ಓದಿ ಎಫ್‌ಎಂ ಸಬ್‌ಕ್ಯಾರಿಯರ್ ಮೇಲೆ ಕಳಿಸುವ ಸೇವೆ. ಅಲ್ಲಿನ ಅಂಧರ ಸೇವಾ ಇಲಾಖೆಯ ಸ್ಟಾನ್ಲಿ ಪಾಟರ್ ಇದರ ಹಿಂದೆ ನಿಂತವರು. ಕೇಳುವವರಿಗೆ ಒಂದೇ ಸ್ಟೇಷನ್‌ಗೆ ಕಟ್ಟಿಹಾಕಿದ ರಿಸೀವರ್ ಎರವಲು ಕೊಡುತ್ತಿದ್ದರು. ಹುಡುಕಬೇಕಿಲ್ಲ, ತಿರುಗಿಸಬೇಕಿಲ್ಲ. ಸ್ವಿಚ್ ಹಾಕಿದರೆ ಆಯಿತು, ಯಾರೋ ಓದುತ್ತಿರುತ್ತಾರೆ. ಆಮೇಲೆ ಇಂಥ ಓದುವ ಸೇವೆಗಳು ಬೇರೆ ಬೇರೆ ರಾಜ್ಯಗಳಲ್ಲಿ ಹುಟ್ಟಿದವು. ದೊಡ್ಡ ಊರುಗಳಲ್ಲಿ ವಲಸೆ ಬಂದವರ ಭಾಷೆಗಳ ಕಾರ್ಯಕ್ರಮಗಳೂ ಇದೇ ಅಟ್ಟ ಹತ್ತಿದವು.

ಈಗ ಬಹಳಷ್ಟು ಸೇವೆಗಳು ಇಂಟರ್‌ನೆಟ್‌ಗೆ, ಎಚ್‌ಡಿ ರೇಡಿಯೊ ಅನ್ನುವ ಡಿಜಿಟಲ್ ಪ್ರಸಾರಕ್ಕೆ ಹೋಗಿವೆ. ಉಳಿದವು ದಿನೇದಿನೇ ಕಮ್ಮಿಯಾಗುತ್ತಿವೆ. ಕೇಳಬೇಕು ಅನ್ನಿಸಿದರೆ ತಡ ಮಾಡಬೇಡಿ.

ಮಾಮೂಲಿ ರೇಡಿಯೊದಲ್ಲಿ ಯಾಕೆ ಸಿಗಲ್ಲ

ಎಫ್‌ಎಂ ಸ್ಟೇಷನ್ ತಾರಸ್ವರಗಳನ್ನು ಬೇಕೆಂದೇ ಎತ್ತಿ ಕಳಿಸುತ್ತದೆ. ರೇಡಿಯೊ ಅವನ್ನು ತಿರುಗಿ ತಗ್ಗಿಸುತ್ತದೆ. ಇದಕ್ಕೆ ಡಿಎಂಫಸಿಸ್ ಅಂತಾರೆ. ಅಮೆರಿಕದಲ್ಲಿ ಇದರ ಅಳತೆ 75 ಮೈಕ್ರೋಸೆಕೆಂಡ್. ಈ ಸೋಸುವಿಕೆ ಸುಮಾರು 2.1 ಕಿಲೋಹರ್ಟ್ಜ್‌ನಿಂದ ಶುರುವಾಗುತ್ತದೆ. ಲೆಕ್ಕ ಹಾಕಿದರೆ 67ರ ಸಿಗ್ನಲ್ ಮೂವತ್ತು ಪಟ್ಟು ಕುಗ್ಗುತ್ತದೆ. ಮೊದಲೇ ಹತ್ತರಲ್ಲಿ ಒಂದು ಪಾಲಿನ ದನಿ, ಇನ್ನು ಉಳಿಯುವುದೇನು?

ಹಾಗಾಗಿ ಇಡೀ ಕೆಲಸದ ನಿಯಮ ಇದು: ಡಿಎಂಫಸಿಸ್‌ಗೆ ಮೊದಲೇ ಸಿಗ್ನಲ್ ತೆಗೆದುಕೊಳ್ಳಬೇಕು. ನಾನು ಮೊದಲ ಸಲ ಪ್ರಯತ್ನಿಸಿದಾಗ ಇದನ್ನು ಮರೆತು ಇಡೀ ಸಂಜೆ ಬರೀ ಭುಸ್ಸೆನ್ನುವ ಸದ್ದು ಕೇಳಿದೆ. ಸಾಫ್ಟ್‌ವೇರ್‌ನಲ್ಲಿ ಡಿಎಂಫಸಿಸ್ ಮಾಡುತ್ತಿದ್ದ ತುಣುಕನ್ನು ತೆಗೆದು ಹಾಕಿದ ಮೇಲೆ ಐದು ನಿಮಿಷಕ್ಕೆ ಮಾತು ಬಂತು.

ಹೆಜ್ಜೆ 1: ಆಂಟೆನಾ

ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣ ಇದೆ. ಸಬ್‌ಕ್ಯಾರಿಯರ್‌ನ ದೊಡ್ಡ ಶತ್ರು ಪ್ರತಿಫಲನ. ಅಲೆ ನೇರವಾಗಿಯೂ ಬರುತ್ತದೆ, ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ತಡವಾಗಿಯೂ ಬರುತ್ತದೆ. ಎರಡೂ ಬೆರೆತಾಗ ಕೆಳಗಿನ ಮುಖ್ಯ ಕಾರ್ಯಕ್ರಮ ಅಟ್ಟಕ್ಕೆ ಸೋರುತ್ತದೆ. ಹಾಡಿನಲ್ಲಿ ಜೋರಾಗಿ ಡ್ರಮ್ ಬಿದ್ದಾಗಲೆಲ್ಲ ಪೇಪರ್ ಓದುವವರ ದನಿಯ ಮೇಲೆ ‘ಚರ್’ ಅಂತ ಸದ್ದು ಬಂದರೆ ಅದು ಪ್ರತಿಫಲನದ್ದೇ ಕೆಲಸ.

ಮನೆಯೊಳಗೆ ತಂತಿ ನೇತುಹಾಕಿ ಇದನ್ನು ಗೆಲ್ಲುವುದು ಕಷ್ಟ. ಟ್ರಾನ್ಸ್‌ಮಿಟರ್ ಹತ್ತಿರ ಇದ್ದು, ಅದು ಕಣ್ಣಿಗೆ ಕಾಣುವಂತಿದ್ದರೆ ಒಂದು ಸರಳ ಡೈಪೋಲ್ ಸಾಕು. ಸುಮಾರು ಒಂದೂವರೆ ಮೀಟರ್ ಉದ್ದ, ನಡುವೆ ಕೇಬಲ್. ಇಲ್ಲವಾದರೆ ಒಂದೇ ದಿಕ್ಕಿಗೆ ಮುಖ ಮಾಡಿ ಹಿಡಿಯುವ, ಮೂರರಿಂದ ಐದು ಕಡ್ಡಿಯ ಯಾಗಿ ಆಂಟೆನಾ ಕಟ್ಟಿ, ಆದಷ್ಟು ಎತ್ತರದಲ್ಲಿ.

ಯಾಗಿ ತಿರುಗಿಸುವಾಗ ಸಿಗ್ನಲ್ ಮೀಟರ್ ಮಾತು ಕೇಳಬೇಡಿ. ಅತಿ ಜೋರಾದ ದಿಕ್ಕು ಅತಿ ಶುದ್ಧವಾದ ದಿಕ್ಕು ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ನೇರ ದಿಕ್ಕಿನಿಂದ ಸ್ವಲ್ಪ ಆಚೆ ತಿರುಗಿಸಿದರೆ ಪ್ರತಿಫಲನ ಆಂಟೆನಾದ ಕುರುಡು ಜಾಗಕ್ಕೆ ಬೀಳುತ್ತದೆ. ಮೀಟರ್ ಇಳಿಯುತ್ತದೆ, ಮಾತು ಸ್ವಚ್ಛವಾಗುತ್ತದೆ. ಆದ್ದರಿಂದ ಕೊನೆಯ ಜೋಡಣೆಯನ್ನು ಸಬ್‌ಕ್ಯಾರಿಯರ್ ಕೇಳುತ್ತಲೇ ಮಾಡಿ.

ಹೆಜ್ಜೆ 2: ಸಾಮಾನು

ಈಗಿನ ಸುಲಭದ ದಾರಿ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಒಂದು ಕಂಪ್ಯೂಟರ್, ಜಿಎನ್‌ಯು ರೇಡಿಯೊ ಅನ್ನುವ ಉಚಿತ ಸಾಫ್ಟ್‌ವೇರ್. ಜಿಎನ್‌ಯು ರೇಡಿಯೊದಲ್ಲಿ ಒಂದೊಂದು ಕೆಲಸ ಮಾಡುವ ಬ್ಲಾಕ್‌ಗಳನ್ನು ಪರದೆಯ ಮೇಲೆ ಇಟ್ಟು ಗೆರೆ ಎಳೆದು ಜೋಡಿಸಿದರೆ ರಿಸೀವರ್ ತಯಾರು.

ಎರಡನೆಯ ದಾರಿಯೂ ಇದೆ. ಕೆಲವು ಹಳೆ ಸ್ಟೀರಿಯೊ ಟ್ಯೂನರ್‌ಗಳ ಹಿಂದೆ ‘ಎಂಪಿಎಕ್ಸ್ ಔಟ್’ ಅಥವಾ ‘ಡಿಟೆಕ್ಟರ್ ಔಟ್’ ಅನ್ನುವ ಕಿಂಡಿ ಇರುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ, ಅದು ಡಿಎಂಫಸಿಸ್‌ಗೆ ಮೊದಲಿನ ಸಿಗ್ನಲ್. ಅದನ್ನು 192 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡುವ ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಕೊಟ್ಟರೆ 96ರವರೆಗಿನದೆಲ್ಲ ಕಂಪ್ಯೂಟರ್‌ಗೆ ಸಿಗುತ್ತದೆ. 96 ಕಿಲೋಹರ್ಟ್ಜ್ ಕಾರ್ಡ್ ಆಗದು, ಅದಕ್ಕೆ 48ರ ಮೇಲೆ ಏನೂ ಕಾಣದು.

ಮೊಬೈಲಿನ ಎಫ್‌ಎಂ, ಕಾರಿನ ಸ್ಟೀರಿಯೊ ಇವು ಈ ಕೆಲಸಕ್ಕೆ ಬಾರವು. ಅವುಗಳ ಚಿಪ್ ಒಳಗೇ ಎಲ್ಲವನ್ನೂ ಬಿಡಿಸಿ ಬರೀ ಎಡ ಬಲ ಧ್ವನಿ ಕೊಡುತ್ತದೆ.

ಹೆಜ್ಜೆ 3: ಮೊದಲ ಬಿಡಿಸುವಿಕೆ

ಡಾಂಗಲ್‌ನ ಸ್ಯಾಂಪಲ್ ರೇಟ್ ಸೆಕೆಂಡಿಗೆ 24 ಲಕ್ಷಕ್ಕೆ ಇಡಿ. ಕೇಳಬೇಕಾದ ಸ್ಟೇಷನ್‌ಗಿಂತ 300 ಕಿಲೋಹರ್ಟ್ಜ್ ಕೆಳಗೆ ಟ್ಯೂನ್ ಮಾಡಿ. ಡಾಂಗಲ್ ಹಿಡಿಯುವ ಆವರ್ತನಗಳ ನಟ್ಟನಡುವೆ ಒಂದು ಸುಳ್ಳು ಗೆರೆ ಇರುತ್ತದೆ, ಅದರಿಂದ ದೂರ ಇರುವುದಕ್ಕೆ ಹೀಗೆ.

ಗೇನ್ ಅಂದರೆ ಸಿಗ್ನಲ್ ಅನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು. ತಾನಾಗಿ ಏರಿಳಿಯುವ ಗೇನ್ ಆಫ್ ಮಾಡಿ, ಕೈಯಲ್ಲೇ ಇಡಿ. ಇದು ಎಂಟು ಬಿಟ್‌ನ ಸಾಧನ, ಬೇಗ ತುಂಬಿ ತುಳುಕುತ್ತದೆ. ಗೇನ್ ಮೆಲ್ಲಗೆ ಏರಿಸುತ್ತ ಹೋಗಿ. ಇಲ್ಲದ ಕಡೆ ಸ್ಟೇಷನ್‌ಗಳು ಮೂಡತೊಡಗಿದರೆ ಎರಡು ಮೆಟ್ಟಿಲು ಇಳಿಸಿ.

ಮುಂದೆ ಫ್ರೀಕ್ವೆನ್ಸಿ ಎಕ್ಸ್‌ಲೇಟಿಂಗ್ ಫಿಲ್ಟರ್ ಬ್ಲಾಕ್. ಬೇಕಾದ ಸ್ಟೇಷನ್ ಅನ್ನು ನಡುವೆ ತಂದು ಉಳಿದದ್ದನ್ನು ಸೋಸುವುದು ಇದರ ಕೆಲಸ. ಅದರ ಸೆಂಟರ್ 3 ಲಕ್ಷ ಹರ್ಟ್ಜ್, ಡೆಸಿಮೇಶನ್ 10, ಕಟಾಫ್ 100 ಕಿಲೋಹರ್ಟ್ಜ್, ಟ್ರಾನ್ಸಿಶನ್ 20. ಹೊರಬರುವಾಗ ರೇಟ್ 2,40,000 ಆಗಿರುತ್ತದೆ. ಕಟಾಫ್ ಇನ್ನೂ ಕಿರಿದು ಮಾಡುವ ಆಸೆ ಬರುತ್ತದೆ, ಗದ್ದಲ ಕಮ್ಮಿಯಾಗಲಿ ಅಂತ. ಬೇಡ. ದೂರದ ಸ್ಟೇಷನ್ ಹಿಡಿಯುವವರು ಕಿರಿದಾದ ಫಿಲ್ಟರ್ ಇಷ್ಟಪಡುತ್ತಾರೆ, ಆದರೆ ಸಬ್‌ಕ್ಯಾರಿಯರ್ ಇರುವ ಅಲೆ ಅಗಲವಾದದ್ದು. ಅಂಚು ಕತ್ತರಿಸಿದರೆ ಮುಖ್ಯ ಹಾಡು ಅಟ್ಟಕ್ಕೆ ಸೋರುತ್ತದೆ. ಅಗಲ ಮಾಡುವುದಕ್ಕೂ ಮಿತಿ ಇದೆ. ಅಮೆರಿಕದಲ್ಲಿ ಎಚ್‌ಡಿ ರೇಡಿಯೊದ ಡಿಜಿಟಲ್ ಭಾಗ ಸಾಮಾನ್ಯವಾಗಿ ನಡುವಿನಿಂದ 129 ಕಿಲೋಹರ್ಟ್ಜ್ ಆಚೆ ಶುರುವಾಗುತ್ತದೆ, ಅದು ಒಳಗೆ ಬರಬಾರದು.

ಆಮೇಲೆ ಕ್ವಾಡ್ರೇಚರ್ ಡಿಮಾಡ್ ಬ್ಲಾಕ್. ಅದರ ಗೇನ್ 0.51. ಇದು 2,40,000ವನ್ನು 75,000 ಮತ್ತು ಪೈನ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆ. ಎಫ್‌ಎಂ ಬಿಡಿಸುವುದಕ್ಕೆ ಸಿದ್ಧ ಬ್ಲಾಕ್ ಇನ್ನೊಂದಿದೆ, ಡಬ್ಲ್ಯುಬಿಎಫ್‌ಎಂ ರಿಸೀವ್ ಅಂತ. ಅದನ್ನು ಮುಟ್ಟಬೇಡಿ. ಡಿಎಂಫಸಿಸ್ ಅದರ ಒಳಗೇ ಅಡಗಿದೆ. ನನ್ನ ಆ ಸಂಜೆ ಹೋದದ್ದು ಅದರಿಂದಲೇ.

ಡಾಂಗಲ್‌ನ ಕ್ರಿಸ್ಟಲ್ ಸ್ವಲ್ಪ ಆಚೀಚೆ ಇದ್ದರೂ ಚಿಂತೆ ಬೇಡ. ಟ್ಯೂನಿಂಗ್ ನಾಲ್ಕೈದು ಕಿಲೋಹರ್ಟ್ಜ್ ತಪ್ಪಿದರೂ ಬಿಡಿಸಿದ ಮೇಲೆ 67 ಅನ್ನುವುದು 67ರಲ್ಲೇ ಇರುತ್ತದೆ.

ಹೆಜ್ಜೆ 4: ಕೇಳುವ ಮೊದಲು ನೋಡಿ

ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಭಾಗ ಇದು. ಡಿಮಾಡ್ ಬ್ಲಾಕಿನ ಹೊರಗೆ ಒಂದು ಸ್ಪೆಕ್ಟ್ರಂ ತೋರಿಸುವ ಬ್ಲಾಕ್, ಮತ್ತು ಅದೇ ಚಿತ್ರವನ್ನು ಹೊತ್ತು ಸರಿದಂತೆ ಕೆಳಗಿಳಿಸುತ್ತ ತೋರಿಸುವ ಒಂದು ವಾಟರ್‌ಫಾಲ್ ಬ್ಲಾಕ್ ಹಾಕಿ. ಸೊನ್ನೆಯಿಂದ 120 ಕಿಲೋಹರ್ಟ್ಜ್‌ವರೆಗೆ ನೋಡಿ. ಸರಾಸರಿ ಹೆಚ್ಚಿಸಿ, ಚಿತ್ರ ನಿಧಾನವಾಗಲಿ.

ಮೊದಲು ಎಡತುದಿಯಲ್ಲಿ ಹಾಡು ಕುಣಿಯುತ್ತಿರುತ್ತದೆ. 19ರಲ್ಲಿ ಸೂಜಿಯಂತೆ ಒಂದು ಗೆರೆ. ಅದು ಕಾಣದಿದ್ದರೆ ಆ ಸ್ಟೇಷನ್ ಮೋನೊ, ಇಲ್ಲವೇ ನಿಮ್ಮ ಜೋಡಣೆಯಲ್ಲೇ ತಪ್ಪಿದೆ. ಅಲ್ಲಿಂದ ಮುಂದೆ 38ರ ಎರಡೂ ಬದಿಗೆ ಕನ್ನಡಿಯಲ್ಲಿ ಕಂಡಂತೆ ಒಂದೇ ಆಕಾರ. 57ರಲ್ಲಿ ಎರಡು ಪುಟ್ಟ ದಿಬ್ಬ, ನಡುವೆ ತಗ್ಗು. ಅದು ಆರ್‌ಡಿಎಸ್. ಈ ಎರಡು ದಿಬ್ಬ ಸ್ಪಷ್ಟವಾಗಿ ಕಂಡರೆ ನಿಮ್ಮ ರಿಸೀವರ್ ಅಟ್ಟದವರೆಗೆ ಏರಿದೆ ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಈಗ 67 ನೋಡಿ. ಗದ್ದಲದ ನೆಲ ಬಲಕ್ಕೆ ಹೋದಂತೆ ನಿಧಾನವಾಗಿ ಏರುತ್ತಿರುತ್ತದೆ. ಅದರಿಂದ ಮೇಲೆ ಏನಾದರೂ ಎದ್ದು ನಿಂತಿದೆಯಾ? ಮಾತಿನ ಸಬ್‌ಕ್ಯಾರಿಯರ್‌ಗೆ ಒಂದು ಗುಣ ಇದೆ. ಓದುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅದು ಕುಗ್ಗಿ ಒಂದು ತೆಳು ಗೆರೆಯಾಗುತ್ತದೆ. ಮಾತು ಶುರುವಾದ ಕೂಡಲೇ ಅಗಲವಾಗಿ ಹರಡುತ್ತದೆ. ವಾಟರ್‌ಫಾಲ್‌ನಲ್ಲಿ ಅದು ಗಂಟು ಗಂಟಾದ ದಾರದಂತೆ ಇಳಿಯುತ್ತದೆ. ಒಂದು ಅಕ್ಷರ ಕೇಳುವ ಮೊದಲೇ ‘ಇಲ್ಲಿ ಒಬ್ಬರು ಮಾತಾಡುತ್ತಿದ್ದಾರೆ’ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಒಂದೇ ಅಗಲದಲ್ಲಿ ಅಲುಗಾಡದೆ ನಿಂತ ದಿಬ್ಬವಾದರೆ ಅದು ಡೇಟಾ, ಅದರಲ್ಲಿ ದನಿ ಹುಡುಕಬೇಡಿ. ಮೈಕ್ರೋಸಾಫ್ಟ್‌ನ ಕೈಗಡಿಯಾರಗಳಿಗೆ ಹವಾಮಾನ, ಸುದ್ದಿ ಕಳಿಸುತ್ತಿದ್ದ ಸೇವೆಯೂ ಇದೇ 67ರ ಹತ್ತಿರ ಡೇಟಾ ಕಳಿಸುತ್ತಿತ್ತು. ಅದು 2012ರ ಮೊದಲ ದಿನ ನಿಂತಿತು.

ಎಲ್ಲ ಸ್ಟೇಷನ್‌ಗಳನ್ನೂ ಹೀಗೆ ಒಂದೊಂದು ನಿಮಿಷ ನೋಡಿ ಪಟ್ಟಿ ಮಾಡಿಕೊಳ್ಳಿ. ಸಾರ್ವಜನಿಕ ಸ್ಟೇಷನ್‌ಗಳು, ವಿಶ್ವವಿದ್ಯಾಲಯದ ಸ್ಟೇಷನ್‌ಗಳನ್ನು ಮೊದಲು ನೋಡಿ. ಓದುವ ಸೇವೆಗಳಿಗೆ ಹೆಚ್ಚಾಗಿ ಜಾಗ ಕೊಟ್ಟವರು ಅವರೇ.

ಹೆಜ್ಜೆ 5: ಎರಡನೆಯ ಬಿಡಿಸುವಿಕೆ

ಮತ್ತೊಂದು ಎಕ್ಸ್‌ಲೇಟಿಂಗ್ ಫಿಲ್ಟರ್ ಹಾಕಿ. ಈ ಸಲ ಒಳಗೆ ಬರುವುದು ಫ್ಲೋಟ್, ಹೊರಗೆ ಹೋಗುವುದು ಕಾಂಪ್ಲೆಕ್ಸ್, ಆ ಬಗೆಯದನ್ನು ಆರಿಸಿ. ಸೆಂಟರ್ 67,000, ಡೆಸಿಮೇಶನ್ 5, ಕಟಾಫ್ 7 ಕಿಲೋಹರ್ಟ್ಜ್, ಟ್ರಾನ್ಸಿಶನ್ 2. ರೇಟ್ ಈಗ 48,000 ಆಯಿತು, ಸೌಂಡ್ ಕಾರ್ಡಿಗೆ ಸರಿಯಾದದ್ದು. ಕಟಾಫ್ 7ಕ್ಕೆ ನಿಲ್ಲಿಸಿದ್ದು ಯಾಕೆಂದರೆ ಆರ್‌ಡಿಎಸ್ 59.4ರವರೆಗೆ ಹರಡಿರುತ್ತದೆ. ಅದು ಒಳನುಗ್ಗಿದರೆ ಮಾತಿನ ಹಿಂದೆ ಜೀರುಂಡೆಯಂಥ ಸದ್ದು ಬರುತ್ತದೆ.

ನಂತರ ಇನ್ನೊಂದು ಕ್ವಾಡ್ರೇಚರ್ ಡಿಮಾಡ್, ಗೇನ್ 1.27. ಅದರ ಮುಂದೆ ಡಿಎಂಫಸಿಸ್ ಬ್ಲಾಕ್. ಹೌದು, ಈಗ ಬೇಕು. ಸಬ್‌ಕ್ಯಾರಿಯರ್‌ನಲ್ಲಿ ಸಾಮಾನ್ಯವಾಗಿ ಬಳಸುವುದು 150 ಮೈಕ್ರೋಸೆಕೆಂಡ್. 75 ಇಟ್ಟರೂ ಕೇಳುತ್ತದೆ, ಆದರೆ ದನಿ ಚೂಪಾಗಿರುತ್ತದೆ, ಗದ್ದಲವೂ ಜಾಸ್ತಿ. ಕೊನೆಗೆ 5 ಕಿಲೋಹರ್ಟ್ಜ್‌ಗೆ ಕತ್ತರಿಸುವ ಲೋ ಪಾಸ್ ಫಿಲ್ಟರ್, ವಾಲ್ಯೂಮ್‌ಗೆ ಒಂದು ಗುಣಾಕಾರದ ಬ್ಲಾಕ್, ಆಡಿಯೊ ಸಿಂಕ್.

67,000 ಅನ್ನುವ ಸಂಖ್ಯೆಯನ್ನು ಒಂದು ಸ್ಲೈಡರ್‌ಗೆ ಕಟ್ಟಿ. 92,000ಕ್ಕೆ ಜಾರಿಸಿದರೆ ಇನ್ನೊಂದು ಸಬ್‌ಕ್ಯಾರಿಯರ್. 57,000ಕ್ಕೆ ತಂದರೆ ಆರ್‌ಡಿಎಸ್‌ನ ಗರಗರ ಕೇಳುತ್ತದೆ. ಧ್ವನಿ ದಾರಿ ಸರಿ ಇದೆಯಾ ಅಂತ ನೋಡಲು ಅಷ್ಟು ಸಾಕು.

ಸರಿಯಾಗಿ ಕೇಳದಿದ್ದರೆ

ಬರೀ ಭುಸುಗುಟ್ಟುವಿಕೆ, ಆದರೆ ಸ್ಪೆಕ್ಟ್ರಂನಲ್ಲಿ ದಿಬ್ಬ ಕಾಣುತ್ತಿದೆ ಅಂದರೆ ಸಿಗ್ನಲ್ ಸಾಲದು. ಆಂಟೆನಾ ಎತ್ತರಿಸಿ. ದಿಬ್ಬವೇ ಇಲ್ಲ ಅಂದರೆ ಸಬ್‌ಕ್ಯಾರಿಯರ್ ಇಲ್ಲ, ಸುಮ್ನೆ ಹೊತ್ತು ಕಳೆಯಬೇಡಿ. ಕೆಲವು ಸೇವೆಗಳು ದಿನವಿಡೀ ಇರುವುದಿಲ್ಲ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ.

ಮುಖ್ಯ ಹಾಡಿನ ಜೊತೆಜೊತೆಗೇ ಚರ್ ಅನ್ನುತ್ತಿದ್ದರೆ ಕ್ರಮವಾಗಿ ಮೂರು ನೋಡಿ: ಡಾಂಗಲ್ ಗೇನ್ ಜಾಸ್ತಿಯಾಗಿದೆಯಾ, ಮೊದಲ ಫಿಲ್ಟರ್ ಕಿರಿದಾಗಿದೆಯಾ, ಆಂಟೆನಾ ದಿಕ್ಕು ಸರಿ ಇದೆಯಾ. ಮೊದಲೆರಡು ನಿಮಿಷದ ಕೆಲಸ, ಅದಕ್ಕೇ ಅವನ್ನು ಮುಂದಿಟ್ಟಿದ್ದೇನೆ. ಮಾತು ಒಡೆದು ಒರಟಾಗಿದ್ದರೆ ಎರಡನೆಯ ಫಿಲ್ಟರ್‌ನ ಕಟಾಫ್ 8ಕ್ಕೆ ಏರಿಸಿ ನೋಡಿ.

92ರಲ್ಲಿ ಇನ್ನೂ ಕಷ್ಟ. ಅಲ್ಲಿ ಗದ್ದಲ ಜಾಸ್ತಿ. ಅಮೆರಿಕದ ನಿಯಮದ ಪ್ರಕಾರ ಸ್ಟೀರಿಯೊ ಸ್ಟೇಷನ್‌ನ ಎಲ್ಲ ಸಬ್‌ಕ್ಯಾರಿಯರ್ ಸೇರಿ ನೂರಕ್ಕೆ ಇಪ್ಪತ್ತು ಮೀರುವಂತಿಲ್ಲ, 75 ಕಿಲೋಹರ್ಟ್ಜ್‌ಗಿಂತ ಮೇಲಿನವು ಸೇರಿ ಹತ್ತು ಮೀರುವಂತಿಲ್ಲ.

ಬೆಸುಗೆ ಹಾಕುವವರಿಗೆ

ಕಂಪ್ಯೂಟರ್ ಬೇಡ ಅನ್ನುವವರಿಗೆ ಹಳೆಯ ದಾರಿ ಇನ್ನೂ ಚೆನ್ನಾಗಿದೆ. ಒಳಬರುವ ಅಲೆಯ ಆವರ್ತನವನ್ನು ಹಿಂಬಾಲಿಸುವ 565 ಅನ್ನುವ ಪಿಎಲ್‌ಎಲ್ ಐಸಿಯ ಡೇಟಾಶೀಟ್‌ನಲ್ಲೇ ಈ ಡಿಕೋಡರ್‌ನ ಸರ್ಕ್ಯೂಟ್ ಕೊಟ್ಟಿದ್ದರು. ಅದು ಈಗ ಹಳೆ ಸ್ಟಾಕ್‌ನಲ್ಲಿ ಮಾತ್ರ. ಸಿಗದಿದ್ದರೆ 4046 ಐಸಿಯಲ್ಲೂ ಮಾಡಬಹುದು, ಆದರೆ ರೆಸಿಸ್ಟರ್, ಕೆಪಾಸಿಟರ್‌ಗಳ ಅಳತೆಗಳನ್ನು ಬೇರೆಯಾಗಿ ಲೆಕ್ಕ ಹಾಕಬೇಕು.

ಸಿಗ್ನಲ್ ಎಲ್ಲಿಂದ? ಹಳೆ ಸೆಟ್‌ನಲ್ಲಿ ಸ್ಟೀರಿಯೊ ಡಿಕೋಡರ್ ಐಸಿ ಹುಡುಕಿ. 1310 ಇದ್ದರೆ ಅದರ ಎರಡನೆಯ ಪಿನ್‌ಗೆ ಎಂಪಿಎಕ್ಸ್ ಬರುತ್ತದೆ. ಅಲ್ಲಿಂದ ಪುಟ್ಟ ಕೆಪಾಸಿಟರ್ ಮೂಲಕ ತೆಗೆದು, 510 ಪಿಕೋಫ್ಯಾರಡ್ ಮತ್ತು 4.7 ಕಿಲೋ ಓಮ್‌ನ ಹೈ ಪಾಸ್ ಫಿಲ್ಟರ್ ಎರಡು ಹಂತ ಹಾಕಿ 565ಕ್ಕೆ ಕೊಡಿ. ಕೆಳಗಿನ ಹಾಡು ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ಸೆಟ್‌ನಲ್ಲೇ ಇದನ್ನು ಮಾಡಿ. ಕರೆಂಟ್‌ಗೆ ಹಾಕಿದ ಹಳೆ ಸೆಟ್ ಬಿಚ್ಚಿ ಕೈ ಹಾಕುವುದು ಬೇಡ.

ರೆಸಿಸ್ಟರ್ ಮತ್ತು ಕೆಪಾಸಿಟರ್ ಅಳತೆಗಳನ್ನು ಗುಣಿಸಿ, ಬಂದದ್ದರಿಂದ 0.3 ಅನ್ನು ಭಾಗಿಸಿದರೆ ಸುಮಾರಾಗಿ 565ರ ಸ್ವಂತ ಆವರ್ತನ ಸಿಗುತ್ತದೆ. 1000 ಪಿಕೋಫ್ಯಾರಡ್ ಇಟ್ಟರೆ 67ಕ್ಕೆ ಸುಮಾರು 4.5 ಕಿಲೋ ಓಮ್ ಬೇಕು, 92ಕ್ಕೆ 3.3. 2.7 ಕಿಲೋ ಓಮ್ ರೆಸಿಸ್ಟರ್ ಜೊತೆ 2.2ರ ಪ್ರಿಸೆಟ್ ಸೇರಿಸಿದರೆ ಎರಡೂ ಸಿಗುತ್ತವೆ. ಕೆಪಾಸಿಟರ್ ಪಾಲಿಸ್ಟೈರೀನ್ ಅಥವಾ ಮೈಕಾ ಇರಲಿ. ಮಾಮೂಲಿ ಸೆರಾಮಿಕ್ ಆದರೆ ಬಿಸಿಯಾದಂತೆ ಜಾರುತ್ತದೆ. ಹೊರಗೆ ಬಂದ ಧ್ವನಿಗೆ 10 ಕಿಲೋ ಓಮ್ ಮತ್ತು 0.015 ಮೈಕ್ರೋಫ್ಯಾರಡ್ ಹಾಕಿದರೆ 150 ಮೈಕ್ರೋಸೆಕೆಂಡ್ ಆಯಿತು. ಪ್ರಿಸೆಟ್ ತುಂಬ ನಿಧಾನವಾಗಿ ತಿರುಗಿಸಿ. ಭುಸುಗುಟ್ಟುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ಇಳಿದು ಮಾತು ಹಿಡಿದುಕೊಳ್ಳುತ್ತದೆ. ಅಲ್ಲಿಂದ ಎರಡೂ ಕಡೆ ತಿರುಗಿಸಿ ಎಲ್ಲಿ ಬಿಟ್ಟುಹೋಗುತ್ತದೆ ನೋಡಿ, ನಟ್ಟನಡುವೆ ನಿಲ್ಲಿಸಿ.

ಕೇಳುವಾಗ ನೆನಪಿಡಬೇಕಾದ್ದು

ಇವು ಎಲ್ಲರಿಗಾಗಿ ಬಿತ್ತರಿಸಿದ ಕಾರ್ಯಕ್ರಮಗಳಲ್ಲ. ಅಮೆರಿಕದಲ್ಲಿ 1934ರ ಸಂಪರ್ಕ ಕಾಯ್ದೆಯ 705ನೆಯ (ಮೊದಲು 605ನೆಯ) ಸೆಕ್ಷನ್ ಇಂಥ ಸಿಗ್ನಲ್‌ಗಳನ್ನು ಹಿಡಿದು ಸ್ವಂತ ಲಾಭಕ್ಕೆ ಬಳಸುವುದಕ್ಕೆ, ಹಂಚುವುದಕ್ಕೆ ತಡೆ ಹಾಕುತ್ತದೆ. ನೀವಿರುವ ಕಡೆಯ ನಿಯಮ ಓದಿಕೊಂಡು ಮುಂದುವರಿಯಿರಿ. ಚಂದಾ ಕಟ್ಟದೆ ಹಿನ್ನೆಲೆ ಸಂಗೀತವನ್ನು ಅಂಗಡಿಯಲ್ಲಿ ಹಾಕುವುದು ಕಳ್ಳತನವೇ. ಓದುವ ಸೇವೆಯನ್ನು ರೆಕಾರ್ಡ್ ಮಾಡಿ ಬೇರೆ ಕಡೆ ಹಾಕಬೇಡಿ. ಪುಸ್ತಕ, ಪತ್ರಿಕೆಗಳನ್ನು ಹಾಗೆ ಓದಲು ಕಾನೂನು ಅವರಿಗೆ ರಿಯಾಯಿತಿ ಕೊಟ್ಟಿರುವುದೇ ಅಚ್ಚು ಓದಲಾಗದವರಿಗೋಸ್ಕರ.

ನಿಮಗೆ ಗೊತ್ತಿರುವ ಯಾರಿಗಾದರೂ ಕಣ್ಣು ಮಂದವಾಗಿದ್ದು, ನಿಮ್ಮಲ್ಲಿ ಓದುವ ಸೇವೆ ಇನ್ನೂ ನಡೆಯುತ್ತಿದ್ದರೆ ಡಾಂಗಲ್ ಜೋಡಿಸಿ ಕೊಡಬೇಡಿ. ಸೇವೆ ನಡೆಸುವವರನ್ನೇ ಕೇಳಿ. ಸ್ವಿಚ್ ಒಂದೇ ಇರುವ ಆ ರಿಸೀವರ್ ಕೊಡುವವರು ಇನ್ನೂ ಇದ್ದಾರೆ. ತಂದುಕೊಟ್ಟ ಮೇಲೆ ಅದನ್ನು ಕಿಟಕಿಯ ಪಕ್ಕ ಇಟ್ಟು, ಆಂಟೆನಾ ಸರಿಪಡಿಸಿ, ಮಾತು ಸ್ವಚ್ಛವಾಗಿ ಬರುವ ಜಾಗ ಹುಡುಕಿಕೊಡುವ ಕೆಲಸ ನಿಮ್ಮದು. ಅಷ್ಟು ಹೊತ್ತಿಗೆ ಆ ವಿದ್ಯೆ ನಿಮಗೆ ಬಂದಿರುತ್ತದೆ, ಅಲ್ವಾ?